ಬೈಲಪ್ಪ ಹೇರಿದ ಕಮಾನು ಗಾಡಿ

ದೇವಸಂದ್ರದ ಬೈಲಪ್ಪನಿಗೆ ಊರಿನಲ್ಲಿ ಒಂದು ಹೆಸರಿತ್ತು. ಊರೇ ಕರಗಿ ಬೆಂಗಳೂರಿನ ಒಂದು ಬಸ್ ಸ್ಟಾಪ್ ಆಗಿಹೋದರೂ ಆ ಹೆಸರನ್ನು ಮಾತ್ರ ಆತ ಬಿಟ್ಟುಕೊಟ್ಟಿರಲಿಲ್ಲ. ಬೈಲಪ್ಪ ಹೇರಿದ ಗಾಡಿಗೆ ಕಣ್ಣು ಮುಚ್ಚಿಕೊಂಡು ಎತ್ತು ಕಟ್ಟಬಹುದು ಎನ್ನುತ್ತಿದ್ದರು. ಕೆ.ಆರ್. ಪುರಂ ಸುತ್ತಮುತ್ತ ಇನ್ನೂ ಕೋಸು, ಮೂಲಂಗಿ, ಸೊಪ್ಪು ಬೆಳೆಯುತ್ತಿದ್ದ ಕಾಲದಲ್ಲಿ ಆತ ಎತ್ತಿನ ಗಾಡಿ ಹೇರಿಕೊಂಡು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿಬರುತ್ತಿದ್ದ.

ಎರಡು ಚಕ್ರದ ಗಾಡಿಯ ಕಷ್ಟ ನಾಲ್ಕು ಚಕ್ರದವರಿಗೆ ಗೊತ್ತಾಗುವಂಥದ್ದಲ್ಲ. ಹೇರಿದ್ದು ಮುಂದಕ್ಕೆ ಹೆಚ್ಚಾದರೆ ನೊಗ ಕೂತು ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚಿರುವ ಮರ, ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮಿಕ್ಕ ಗಾಡಿಯವರು ಅಂದಾಜಿನ ಮೇಲೆ ಹೇರಿ ಹೊರಟುಬಿಡುತ್ತಿದ್ದರು. ಬೈಲಪ್ಪ ಹಾಗಲ್ಲ. ಹೇರಿದ ಮೇಲೆ ಮೂಕಿಯ ತುದಿಯನ್ನು ಎರಡೇ ಬೆರಳಲ್ಲಿ ಎತ್ತಿ ನೋಡಬೇಕು. ಅಷ್ಟಕ್ಕೆ ಎದ್ದರೆ ಸರಿ, ಏಳದಿದ್ದರೆ ಮೂಟೆ ಇಳಿಸಿ ಮತ್ತೆ ಹೇರಬೇಕು. ಹೊತ್ತಾಯಿತು ಅಂತ ಯಾರು ಬಾಯಿ ಬಡಿದುಕೊಂಡರೂ ಆತ ಜಪ್ಪಯ್ಯ ಅನ್ನುತ್ತಿರಲಿಲ್ಲ. ಆತನ ಎತ್ತುಗಳ ಹೆಗಲ ಮೇಲೆ ಒಂದು ದಿನವೂ ಒಂದು ಗಾಯ ಕಂಡವರಿಲ್ಲ. ಹೆಂಡತಿ ದೊಡ್ಡಮುನಿಯಮ್ಮ ಮಾತ್ರ, ಎತ್ತಿನ ಕತ್ತಿನ ಮೇಲಿರೋ ಕನಿಕರದಲ್ಲಿ ಕಾಲುಭಾಗ ನನ್ನ ಸೊಂಟದ ಮೇಲಿದ್ದಿದ್ದರೆ ಎಂದು ಆಗಾಗ ಮೂತಿ ತಿರುಗಿಸುತ್ತಿದ್ದಳು.

ಆಮೇಲೆ ಜಮೀನು ಲೇಔಟಾಯಿತು. ಎತ್ತು ಹೋದವು, ಗಾಡಿ ಹೋಯಿತು, ಕೊನೆಗೆ ಹಸುಗಳೂ ಹೋದವು. ಕೊಟ್ಟಿಗೆ ಇದ್ದ ಕಡೆ ಮಗ ಕೆಂಪರಾಜ್ ಸಾಲಾಗಿ ಕೋಣೆಗಳನ್ನು ಕಟ್ಟಿಸಿ ಕೊಪ್ಪಳ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟ. ಹೊಟ್ಟೆಬಟ್ಟೆಗೆ ಏನೂ ಕಡಿಮೆಯಿಲ್ಲ. ಆದರೆ ಬೈಲಪ್ಪನ ಕೈಗೆ ಕೆಲಸವಿಲ್ಲದೆ, ಆತ ಜಗುಲಿಯ ಮೇಲೆ ಕೂತು ಬಾಡಿಗೆಗೆ ಬಂದವರು ಗೂಡ್ಸ್ ಆಟೋದಿಂದ ಸಾಮಾನು ಇಳಿಸುವುದನ್ನು ನೋಡಿ, ಹಿಂಗಾ ಹೇರೋದು, ಎಂದು ಗೊಣಗುವುದೊಂದು ಉಳಿಯಿತು.

ಆ ಗೊಣಗಾಟವನ್ನು ಕುತೂಹಲದಿಂದ ಕೇಳುತ್ತಿದ್ದವಳು ಮನೆಯಲ್ಲಿ ಒಬ್ಬಳೇ, ಕೆಂಪರಾಜನ ಮಗಳು ರಮ್ಯಶ್ರೀ. ಕಮ್ಮನಹಳ್ಳಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಮಕ್ಕಳನ್ನು ಬಿಸಿಲಲ್ಲಿ ಓಡಿಸಿ ಓಡಿಸಿ ಬಂದು, ತಾತನ ಪಕ್ಕ ಕೂತು, ಇಳಿಜಾರಲ್ಲಿ ಎತ್ತು ಹೇಗೆ ತಡೀತಿತ್ತು ತಾತ, ಕೆಸರಲ್ಲಿ ಚಕ್ರ ಹೂತರೆ ಏನ್ ಮಾಡ್ತಿದ್ರಿ, ಎಂದು ಕೇಳುತ್ತಿದ್ದಳು. ಹಾಗೆ ಕೇಳುವವರೊಬ್ಬರಿದ್ದರೆ ಮುದುಕನಿಗೆ ಇನ್ನೇನು ಬೇಕು?

ಈ ರಮ್ಯಶ್ರೀ ಮೊದಲು ಒಂದು ಗಿಡ್ಡ ಜೀಪು ಕೊಂಡಳು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ, ಕಲ್ಲು ಕೆಸರು ಎನ್ನದೆ ಹತ್ತುವ ಪುಟ್ಟ ಗಾಡಿ. ಅದನ್ನು ಕೆಂಪರಾಜ್ ಹೇಗೋ ಸಹಿಸಿಕೊಂಡ. ಆಮೇಲೆ ಅದರ ಹಿಂದೆ ಕಟ್ಟಿಕೊಂಡು ಹೋಗಲು ಒಂದು ಟ್ರೇಲರ್ ಮಾಡಿಸುತ್ತೇನೆ, ಒಳಗೆ ಇಬ್ಬರು ಮಲಗಬಹುದು, ಹಿಂದಿನ ಬಾಗಿಲು ತೆಗೆದರೆ ಅಡುಗೆಗೆ ಒಲೆ, ಎಲ್ಲಿ ಬೇಕಾದರೂ ನಿಲ್ಲಿಸಿ ತಂಗಬಹುದು ಎಂದಾಗ ಮನೆಯಲ್ಲಿ ರಾಮಾಯಣವಾಯಿತು. ಕೆಂಪರಾಜ್ ಕೆಟ್ಟವನಲ್ಲ, ಅಂಜುಬುರುಕ. ಗ್ಯಾಸ್ ಆಫ್ ಮಾಡಿದ್ದೀರಾ ಎಂದು ಕೇಳಲು ಅರ್ಧ ದಾರಿಯಿಂದ ಫೋನ್ ಮಾಡುವ ಪೈಕಿ. ಒಬ್ಬಳೇ ಮಗಳು, ಹೆದ್ದಾರಿಯಲ್ಲಿ, ಬೆನ್ನ ಹಿಂದೆ ಒಂದು ಮನೆ ಕಟ್ಟಿಕೊಂಡು ಹೋಗುತ್ತಾಳೆಂದರೆ ಅವನಿಗೆ ಊಟ ಸೇರಲಿಲ್ಲ.

ಕಡೆಗೆ ಬೈಲಪ್ಪನೇ ನಡುವೆ ಬಾಯಿ ಹಾಕಿದ. "ಮೊದಲನೇ ಸಲ ನಾನೂ ನಿಮ್ಮಮ್ಮನೂ ಜೊತೆಗೆ ಹೋಗ್ತೀವಿ ಕಣೋ. ನೀನೂ ಹಿಂದೇನೇ ನಿನ್ನ ಕಾರಲ್ಲಿ ಬಾ. ಕಣ್ಣಾರೆ ನೋಡು."

ಕೆಂಪರಾಜ್ ಒಪ್ಪಿದ, ಆದರೆ ಮಗಳ ಮುಖ ನೋಡಿ ಒಂದು ಮಾತು ಹೇಳಿದ. "ಒಂದೇ ಒಂದು ಎಡವಟ್ಟಾಗಲಿ, ಅವತ್ತೇ ಆ ಡಬ್ಬ ಮಾರಿಬಿಡ್ಬೇಕು. ಆಮೇಲೆ ಅಳೋದು ಗಿಳೋದು ಇಲ್ಲ."

"ಆಯ್ತಪ್ಪ," ಅಂದಳು ರಮ್ಯಶ್ರೀ. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಟ್ರೇಲರ್ ಮಾಡಿದ್ದು ಶಿವಾಜಿನಗರದ ಅಹ್ಮದ್ ಪಾಷಾ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಬೆಸುಗೆ ಅಂಗಡಿ ಇಟ್ಟವರು. ತರಲು ಹೋದಾಗ ಬೈಲಪ್ಪನೂ ಹೋಗಿದ್ದ. ಎರಡೇ ಚಕ್ರ, ಮೇಲೆ ದುಂಡನೆ ಚಾವಣಿ, ಮುಂದೆ ಚಾಚಿದ ಕಬ್ಬಿಣದ ಕೈ. ಬೈಲಪ್ಪ ಅದರ ಸುತ್ತ ಒಂದು ಸುತ್ತು ಬಂದು ನಕ್ಕುಬಿಟ್ಟ. "ಇದು ಕಮಾನು ಗಾಡಿ ಕಣಮ್ಮ! ನಿಮ್ಮಜ್ಜೀನ ಮದುವೆ ಮಾಡ್ಕೊಂಡು ಕರ್ಕೊಂಬಂದಿದ್ದು ಇಂಥದ್ರಲ್ಲೇ." ಅಲ್ಲಿಂದ ಮುಂದೆ ಮನೆಯಲ್ಲಿ ಅದರ ಹೆಸರು ಕಮಾನು ಗಾಡಿ ಎಂದೇ ಆಯಿತು.

ಪಾಷಾ ರಮ್ಯಶ್ರೀಯನ್ನು ಕೂರಿಸಿಕೊಂಡು ಹೇಗೆ ಸಿಕ್ಕಿಸಬೇಕು, ಹೇಗೆ ಬಿಚ್ಚಬೇಕು ಎಂದು ಶುರುಮಾಡಿದರು. ಗಾಡಿಯ ವಿಷಯದಲ್ಲಿ ತನಗೆ ಇನ್ನೊಬ್ಬರು ಹೇಳಿಕೊಡುವುದೇನು ಎಂದುಕೊಂಡ ಬೈಲಪ್ಪ ಮೆಲ್ಲಗೆ ಎದ್ದು ಮಾರುಕಟ್ಟೆಯ ಕಡೆ ನಡೆದ. ಅಲ್ಲಿ ಸೊಪ್ಪು ಮಾರುವ ಮುನಿವೆಂಕಟಮ್ಮ ಆತನ ಗಾಡಿಯ ಕಾಲದಿಂದಲೂ ಪರಿಚಯದವಳು. "ಇನ್ನೂ ಇದ್ದೀಯೇನಪ್ಪ ಬೈಲಪ್ಪ!" ಎಂದು ಅವಳು, "ನೀನಿರೋವಾಗ ನಾನ್ಯಾಕೆ ಹೋಗ್ಲಿ" ಎಂದು ಆತ, ಹಾಗೆ ಮಾತು ಬೆಳೆದು ಒಂದು ಟೀಯೂ ಆಯಿತು. ಇತ್ತ ಪಾಷಾ ಬಹಳ ಮುಖ್ಯವಾದ ಮಾತೊಂದನ್ನು ಹೇಳುತ್ತಿದ್ದರು. "ನೋಡಮ್ಮಾ ಬೇಟಿ, ವಜನ್, ಭಾರ ಎಲ್ಲಾ ಚಕ್ರಕ್ಕಿಂತ ಮುಂದೆ ಇಡಬೇಕು. ಜೀಪು ಹಿಂದುಗಡೆ ಸ್ವಲ್ಪ ಕೂತ್ಕೋಬೇಕು, ಹಂಗಿದ್ರೇನೇ ಸರಿ. ಹಿಂದೆ ಹಾಕಿದ್ರೆ ಇದು ಬಾಲ ಅಲ್ಲಾಡಿಸ್ತದೆ, ಬಹುತ್ ಖರಾಬ್." ಕೊತ್ತಂಬರಿ ಕಟ್ಟು ಹಿಡಿದು ಬೈಲಪ್ಪ ಹಿಂತಿರುಗುವ ಹೊತ್ತಿಗೆ ಪಾಠ ಮುಗಿದಿತ್ತು.

ರಮ್ಯಶ್ರೀಯ ಗೆಳತಿ ಹಂಸಳ ಮನೆಯವರದು ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ. ಅಲ್ಲಿ ಒಂದು ರಾತ್ರಿ ತಂಗುವುದೆಂದಾಯಿತು. ದೊಡ್ಡಮುನಿಯಮ್ಮನ ಸಂಭ್ರಮ ಹೇಳತೀರದು. ಎತ್ತಿಗೆ ಮೇವು, ಹಸುವಿಗೆ ನೀರು ಎಂದು ಮದುವೆಯಾದಾಗಿನಿಂದ ಗಂಡನ ಜೊತೆ ಒಂದು ರಾತ್ರಿ ಹೊರಗೆ ತಂಗಿದವಳಲ್ಲ. ಮಿಕ್ಸಿ ಚಟ್ನಿ ನಾಲಿಗೆಗೆ ಹತ್ತುವುದಿಲ್ಲ ಎಂದು ಹಟ ಹಿಡಿದು ಮನೆಯ ಒರಳುಕಲ್ಲನ್ನೂ ಹೊರಡಿಸಿದಳು. ಹಿಂದಿನ ದಿನ ಸಂಜೆಯೇ ರಮ್ಯಶ್ರೀ ಟ್ರೇಲರನ್ನು ಜೀಪಿಗೆ ಸಿಕ್ಕಿಸಿ, ಒರಳುಕಲ್ಲು, ನೀರಿನ ಕ್ಯಾನುಗಳು, ಅಕ್ಕಿ, ರಾಗಿಹಿಟ್ಟು, ಬ್ಯಾಟರಿ ಎಲ್ಲವನ್ನೂ ಪಾಷಾ ಹೇಳಿದ ಹಾಗೆ ಚಕ್ರದ ಮುಂದಕ್ಕೆ ಜೋಡಿಸಿಟ್ಟಳು.

ಬೆಳಿಗ್ಗೆ ಬೈಲಪ್ಪ ಎಲ್ಲರಿಗಿಂತ ಮುಂಚೆ ಎದ್ದ. ಹಲ್ಲುಜ್ಜುತ್ತ ಅಂಗಳಕ್ಕೆ ಬಂದವನು ಜೀಪನ್ನು ನೋಡಿ ನಿಂತುಬಿಟ್ಟ. ಅದರ ಹಿಂಭಾಗ ಕುಸಿದು ಕೂತಿತ್ತು. ಕಬ್ಬಿಣದ ಮೂಕಿ ಅದರ ಮೇಲೆ ಒತ್ತಿಕೊಂಡಿತ್ತು. ಹೆಣ್ಣುಹುಡುಗಿ, ಗೊತ್ತಾಗದೆ ಎಲ್ಲಾ ಭಾರ ಮುಂದಕ್ಕೆ ಹಾಕಿದ್ದಾಳೆ. ಇಷ್ಟು ಸಣ್ಣ ಜೀಪು, ಅಷ್ಟು ದೂರ, ಇದನ್ನು ಕತ್ತಿನ ಮೇಲೆ ಹೊತ್ತು ಹೋಗಬೇಕೇ? ಎಬ್ಬಿಸಿ ಹೇಳಿದರೆ ಪಾಪ ಮುಖ ಸಣ್ಣ ಮಾಡಿಕೊಳ್ಳುತ್ತಾಳೆ. ಯಾರಿಗೂ ಗೊತ್ತಾಗದ ಹಾಗೆ ತಾನೇ ಸರಿಮಾಡಿದರಾಯಿತು.

ಪಕ್ಕದ ಬಾಗಿಲು ತೆಗೆದು ಆತ ಕೆಲಸಕ್ಕೆ ನಿಂತ. ಒರಳುಕಲ್ಲನ್ನು ಉರುಳಿಸಿ ಹಿಂದಕ್ಕೆ ತಳ್ಳಿದ, ನೀರಿನ ಕ್ಯಾನುಗಳನ್ನು ಎಳೆದ, ಹಿಟ್ಟಿನ ಚೀಲವನ್ನು ಹಿಂಬಾಗಿಲಿಗೆ ಒತ್ತಿ ಇಟ್ಟ. ಆಗಾಗ ಹೊರಬಂದು ಕುಕ್ಕರಗಾಲಲ್ಲಿ ಕೂತು ನೋಡುವುದು, ಮತ್ತೆ ಒಳಗೆ ಹೋಗಿ ಸ್ವಲ್ಪ ಸರಿಸುವುದು. ಎಷ್ಟೋ ವರ್ಷದ ಮೇಲೆ ಆತನ ಕೈ ತನಗೆ ಗೊತ್ತಿದ್ದ ಕೆಲಸ ಮಾಡುತ್ತಿತ್ತು. ಕೊನೆಗೆ ಜೀಪು ಮೈ ಹಗುರಾಗಿ ಎದ್ದು ನಿಂತಿತು. ಬೆವರು ಒರೆಸಿಕೊಂಡು ಆತ ಅದರ ಬಾನೆಟ್ಟಿನ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದ. ಆ ಹೊತ್ತಿನ ಸಂತೋಷ ಸುಳ್ಳಲ್ಲ, ಪಾಪ.

ಮುನೇಶ್ವರನ ಗುಡಿಯ ಮುಂದೆ ಪೂಜೆ ಮಾಡಿಸಿದರು. ಪೂಜಾರಿ ನಾಲ್ಕು ನಿಂಬೆಹಣ್ಣು ತಂದವನು ಹಿಂದಿನ ಗಾಡಿ ನೋಡಿ ತಲೆ ಕೆರೆದುಕೊಂಡು ಇನ್ನೆರಡು ತರಿಸಿದ. ಎಲ್ಲ ಹಣ್ಣೂ ಸರಿಯಾಗಿ ಅಪ್ಪಚ್ಚಿಯಾದವು. ರಮ್ಯಶ್ರೀಯ ಪಕ್ಕದಲ್ಲಿ ಬೈಲಪ್ಪ ಕೂತ. ದೊಡ್ಡಮುನಿಯಮ್ಮನನ್ನು ಕೆಂಪರಾಜ್ ತನ್ನ ಕಾರಲ್ಲೇ ಕೂರಿಸಿಕೊಂಡು ಹಿಂದೆ ಹೊರಟ.

ಹಳೇ ಮದ್ರಾಸ್ ರಸ್ತೆಯ ಸಂದಣಿಯಲ್ಲಿ ಕಮಾನು ಗಾಡಿ ಸಾಧುವಾಗಿಯೇ ಬಂತು. ಹೊಸಕೋಟೆ ದಾಟಿ ರಸ್ತೆ ಬಿಡುವಾಗಿ, ಸ್ವಲ್ಪ ಇಳಿಜಾರು ಬಂದು, ಜೀಪು ವೇಗ ಹಿಡಿಯಿತು. ಬೈಲಪ್ಪ ಕಿಟಕಿಯ ಗಾಳಿಗೆ ಮುಖವೊಡ್ಡಿ, ಜೀಪು ಎಷ್ಟು ಹಗುರವಾಗಿ ಓಡುತ್ತಿದೆ ಎಂದು ಒಳಗೊಳಗೇ ಬೀಗುತ್ತಿದ್ದ. ಅಷ್ಟರಲ್ಲಿ ಪಕ್ಕದಿಂದ ಒಂದು ದೊಡ್ಡ ಲಾರಿ ಹಾದುಹೋಯಿತು. ಅದರ ಗಾಳಿಗೆ ಹಿಂದಿನ ಟ್ರೇಲರ್ ಒಮ್ಮೆ ಎಡಕ್ಕೆ ವಾಲಿತು. ಆಮೇಲೆ ಬಲಕ್ಕೆ. ಆಮೇಲೆ ಇನ್ನೂ ಜೋರಾಗಿ ಎಡಕ್ಕೆ. ಜೀಪಿನ ಹಿಂಭಾಗವನ್ನೇ ಹಿಡಿದು ಯಾರೋ ಅಲ್ಲಾಡಿಸಿದ ಹಾಗಾಯಿತು. ಹಿಂದಿನಿಂದ ಕೆಂಪರಾಜನ ಹಾರ್ನ್ ಒಂದೇ ಸಮನೆ ಅರಚುತ್ತಿತ್ತು.

ರಮ್ಯಶ್ರೀ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ತುಟಿ ಕಚ್ಚಿಕೊಂಡು ಕೂತಳು. ವೇಗ ಇಳಿದಂತೆ ಅಲ್ಲಾಟವೂ ಇಳಿಯಿತು. ರಸ್ತೆ ಬದಿಯ ಒಂದು ಟೀ ಹೋಟೆಲಿನ ಮುಂದೆ ಜೀಪು ನಿಂತಾಗ ಅವಳ ಕೈಬೆರಳು ಬೆಳ್ಳಗಾಗಿದ್ದವು.

"ತಾತ, ಏನಾದ್ರೂ ಆಯ್ತಾ ನಿಮಗೆ?"

"ಇಲ್ಲ ಕಣವ್ವ," ಎಂದ ಬೈಲಪ್ಪ.

ಕೆಂಪರಾಜ್ ಕಾರಿನ ಬಾಗಿಲನ್ನೂ ಹಾಕದೆ ಓಡಿಬಂದ. ಮಗಳ ಭುಜ ಹಿಡಿದು ಮೇಲಿಂದ ಕೆಳಗೆ ನೋಡಿ, ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ರೇಗಿದ. "ಸಾಕು! ಹಿಂದುಗಡೆ ಹೆಂಗೆ ಹಾರಾಡ್ತಿತ್ತು ಗೊತ್ತಾ? ನಿಮ್ಮಜ್ಜಿ ಕಣ್ಮುಚ್ಕೊಂಡು ದೇವರ ಹೆಸರು ಹೇಳ್ತಾವ್ಳೆ. ಇಲ್ಲೇ ಬಿಟ್ಟು ನಡಿ. ಆ ಡಬ್ಬ ನಾಳೆ ಮಾರ್ತೀನಿ."

ರಮ್ಯಶ್ರೀ ಟ್ರೇಲರಿಗೆ ಒರಗಿ ನಿಂತಳು. "ಎಲ್ಲಾ ಸರಿಯಾಗೇ ಇಟ್ಟಿದ್ದೆ ಅಪ್ಪ. ಪಾಷಾ ಅವರು ಹೇಳಿದ ಹಾಗೇನೇ ಭಾರ ಎಲ್ಲಾ ಮುಂದೆ ಇಟ್ಟಿದ್ದೆ. ಹಿಂದೆ ಇದ್ರೇನೇ ಹಿಂಗಾಗೋದು ಅಂದಿದ್ರು. ನಾನೇ ಓಡಿಸೋದ್ರಲ್ಲಿ ಏನೋ ತಪ್ಪು ಮಾಡಿದೀನಿ. ನನ್ನ ಕೈಲಿ ಆಗಲ್ಲ ಅನ್ಸುತ್ತೆ. ಮಾರಿಬಿಡಿ."

ಬೈಲಪ್ಪ ಜೀಪಿನಿಂದ ಇಳಿಯುತ್ತಿದ್ದವನು ಬಾಗಿಲು ಹಿಡಿದು ಅಲ್ಲೇ ನಿಂತ. ಹಿಂದೆ ಇದ್ದರೇನೇ ಹಿಂಗಾಗೋದು. ಆ ಮಾತು ಆತನ ಎದೆಗೆ ನೇರವಾಗಿ ಬಡಿಯಿತು. ಇಷ್ಟು ವರ್ಷದಲ್ಲಿ ಭಾರದ ವಿಷಯದಲ್ಲಿ ಒಬ್ಬರೂ ಆತನ ಕಡೆ ಬೆರಳು ತೋರಿಸಿರಲಿಲ್ಲ. ಈಗಲೂ ಯಾರೂ ತೋರಿಸುತ್ತಿರಲಿಲ್ಲ. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಈ ಹುಡುಗಿ ತನ್ನ ಕೈಯನ್ನೇ ನಂಬದ ಹಾಗಾಗಿ, ತಲೆ ತಗ್ಗಿಸಿ ನಿಂತಿದ್ದಾಳೆ. ಆತನಿಗೆ ಅವಳ ಮುಖ ನೋಡಲಾಗಲಿಲ್ಲ.

"ಅವಳದೇನೂ ತಪ್ಪಿಲ್ಲ ಕಣೋ," ಎಂದ. "ನಾನು ಕಣೋ ಮಾಡಿದ್ದು. ಬೆಳಿಗ್ಗೆ ಎಲ್ಲಾನೂ ಹಿಂದಕ್ಕೆ ತಳ್ಳಿದೆ. ಜೀಪಿನ ಬೆನ್ನು ಕುಸಿದಿತ್ತು, ನೋಡಕ್ಕಾಗ್ಲಿಲ್ಲ."

ಕೆಂಪರಾಜ್ ಒಂದು ಗಳಿಗೆ ಅಪ್ಪನನ್ನು ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ. "ಅಪ್ಪ, ಮೊಮ್ಮಗಳನ್ನ ಬಚಾವ್ ಮಾಡೋಕೆ ಏನೇನೋ ಹೇಳ್ಬೇಡ. ಗಾಡಿ ಹೇರೋದ್ರಲ್ಲಿ ನೀನು ತಪ್ಪು ಮಾಡ್ತೀಯಾ? ಕೇಳಿದವ್ರು ನಗ್ತಾರೆ."

ಎಂಥ ಪೇಚಾಟ ನೋಡಿ. ಜೀವಮಾನವೆಲ್ಲ ತಾನು ತಪ್ಪುವವನಲ್ಲ ಎಂದು ಎದೆ ತಟ್ಟಿಕೊಂಡು ತಿರುಗಿದವನು ಈಗ ತಪ್ಪಿದ್ದೇನೆ ಎಂದು ಗಂಟಲು ಹರಿದುಕೊಂಡರೂ ನಂಬುವವರಿಲ್ಲ. ರಮ್ಯಶ್ರೀ ಕೂಡ, "ಬಿಡಿ ತಾತ, ನನಗೋಸ್ಕರ ನೀವ್ಯಾಕೆ ಸುಳ್ಳು ಹೇಳ್ತೀರಾ," ಅಂದಳು. ಬೈಲಪ್ಪ ಹೆಂಡತಿಯ ಕಡೆ ತಿರುಗಿದ. ಕಾರಿನಿಂದ ಇಳಿದು ಬಂದಿದ್ದ ದೊಡ್ಡಮುನಿಯಮ್ಮ, "ನನ್ನ ಯಾಕೆ ನೋಡ್ತೀಯ? ನೀನು ಎದ್ದಾಗ ನಾನಿನ್ನೂ ನಿದ್ದೆಯಲ್ಲಿದ್ದೆ," ಎಂದು ಕೈತೊಳೆದುಕೊಂಡಳು.

ಬೈಲಪ್ಪನಿಗೆ ಸಿಟ್ಟು ಬಂತು. ಬಾಗಿಲು ತೆಗೆದು ತೋರಿಸಿದರೆ ಅಲ್ಲಾಟಕ್ಕೆ ಎಲ್ಲಾ ಹಿಂದಕ್ಕೆ ಜಾರಿದೆ ಅಂದಾರು. "ಬಿಚ್ಚಮ್ಮ ಅದನ್ನ," ಎಂದ. "ಜೀಪಿಂದ ಬಿಚ್ಚು. ತೋರಿಸ್ತೀನಿ."

ರಮ್ಯಶ್ರೀ ಚಕ್ರಗಳಿಗೆ ಕಲ್ಲು ಕೊಟ್ಟು ಕೊಂಡಿ ಬಿಚ್ಚಿದಳು. ಬೈಲಪ್ಪ ಮುಂದೆ ಬಂದು, ಪಂಚೆ ಎತ್ತಿ ಕಟ್ಟಿ, ಆ ಕಬ್ಬಿಣದ ಕೈಯ ತುದಿಗೆ ತನ್ನ ಎರಡು ಬೆರಳು ಕೊಟ್ಟು ಎತ್ತಿದ. ಒರಳುಕಲ್ಲು, ನೀರು, ಹಾಸಿಗೆ, ಹಿಟ್ಟು ಎಲ್ಲ ತುಂಬಿದ್ದ ಅಷ್ಟು ದೊಡ್ಡ ಗಾಡಿ ಎರಡು ಬೆರಳಿಗೆ ಎದ್ದು ನಿಂತಿತು. ಕೆಳಗೆ ಬಿಟ್ಟ, ಇಳಿಯಿತು. ಮತ್ತೆ ಎತ್ತಿದ, ಎದ್ದಿತು. ಹೋಟೆಲಿನ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ಲೋಟ ಹಿಡಿದುಕೊಂಡೇ ಎದ್ದು ಬಂದರು.

ಕೆಂಪರಾಜನ ಮುಖ ಬದಲಾಯಿತು. ಚಿಕ್ಕಂದಿನಲ್ಲಿ ಸೊಪ್ಪಿನ ಮೂಟೆಗಳ ಮೇಲೆ ಕೂತು ಅವನು ಇದನ್ನು ಎಷ್ಟು ಸಲ ನೋಡಿರಲಿಲ್ಲ! ದೇವಸಂದ್ರದಲ್ಲಿ, ಕೆ.ಆರ್. ಪುರಂನಲ್ಲಿ, ಎಲ್ಲಿಯೂ ಇನ್ನೊಬ್ಬರಿಗೆ ಈ ಹದ ಬರುತ್ತಿರಲಿಲ್ಲ. ಇದು ಮಗಳು ಹೇರಿದ ಗಾಡಿಯಲ್ಲ. ಇದು ತನ್ನಪ್ಪ ಹೇರಿದ್ದು.

"ನೀನೇ ಅಪ್ಪ," ಎಂದ ಮೆಲ್ಲಗೆ. ಆಮೇಲೆ ತಡೆಯಲಾಗದೆ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ, ಹೆದರಿಕೆ ಇಳಿದಾಗ ಹಾಗಾಗುತ್ತದೆ. "ಎತ್ತಿಗೆ ಹೇರೋ ಹಂಗೆ ಜೀಪಿಗೆ ಹೇರಿದ್ದೀಯಲ್ಲಪ್ಪ ಮಾರಾಯ!"

ಬೈಲಪ್ಪನಿಗೆ ನಗು ಬರಲಿಲ್ಲ. ಮುಖ ತಗ್ಗಿಸಿ ಮೊಮ್ಮಗಳನ್ನು ಕೇಳಿದ, "ಹಂಗಾದ್ರೆ ಇದಕ್ಕೆ ಕತ್ತಿನ ಮೇಲೆ ಭಾರ ಇರ್ಲೇಬೇಕಾ?"

"ಇರ್ಲೇಬೇಕು ತಾತ. ಎತ್ತಾದ್ರೆ ನೋಯುತ್ತೆ, ತಾನೇ ಹುಷಾರಾಗಿ ನಡೆಯುತ್ತೆ. ಇದಕ್ಕೆ ನೋವು ಗೊತ್ತಾಗಲ್ಲ. ಹಿಂದೆ ಗಾಡಿ ಇದೆ ಅಂತ ಗೊತ್ತಾಗೋಕೇ ಸ್ವಲ್ಪ ಭಾರ ಬೇಕು ಅಂದ್ಕೊಳ್ಳಿ."

"ಸರಿ, ಎಲ್ಲಿಡಬೇಕು ಹೇಳು," ಎಂದ ಬೈಲಪ್ಪ. ಹೇರುವ ವಿಷಯದಲ್ಲಿ ಇನ್ನೊಬ್ಬರನ್ನು ಹಾಗೆ ಕೇಳಿದ್ದು ಆತನ ನೆನಪಿನಲ್ಲೇ ಇರಲಿಲ್ಲ. ಅವಳು ತೋರಿಸಿದ ಕಡೆ ಕೆಂಪರಾಜ್ ಒರಳುಕಲ್ಲು ಉರುಳಿಸಿದ, ಬೈಲಪ್ಪ ಕ್ಯಾನು ಎಳೆದ. ಪ್ರತಿ ಸಾಮಾನು ಮುಂದಕ್ಕೆ ಹೋದಂತೆ ಆತನ ಕೈ ಒಂದು ಕ್ಷಣ ತಡೆಯುತ್ತಿತ್ತು, ಹಳೆಯ ಅಭ್ಯಾಸ ಬಿಡಬೇಕಲ್ಲ. ಎಲ್ಲ ಇಟ್ಟ ಮೇಲೆ ಮೂಕಿಗೆ ಎರಡು ಬೆರಳು ಕೊಟ್ಟ, ಕದಲಲಿಲ್ಲ. ಎರಡೂ ಕೈ ಕೊಟ್ಟ, ಮುಕ್ಕಿರಿದು ಎತ್ತಬೇಕಾಯಿತು. ರಮ್ಯಶ್ರೀ ಕೊಂಡಿ ಸಿಕ್ಕಿಸಿದಳು. ಜೀಪಿನ ಹಿಂಭಾಗ ಮತ್ತೆ ಕುಸಿದು ಕೂತಿತು, ಬೈಲಪ್ಪ ಆ ಕಡೆ ಬೆನ್ನು ಮಾಡಿ ನಿಂತ.

ಕೆಂಪರಾಜ್ ಇನ್ನೂ ಪೂರ್ತಿ ಸೋತಿರಲಿಲ್ಲ. "ಓಡಿಸು. ಹಿಂದೆ ಬಂದು ನೋಡ್ತೀನಿ. ಬಾಲ ಅಲ್ಲಾಡಿತೋ, ಮಾತು ಮಾತೇ," ಎಂದ.

ರಮ್ಯಶ್ರೀ ಮೊದಮೊದಲು ಆಮೆಯ ಹಾಗೆ ಹೊರಟಳು. ಆಮೇಲೆ ಒಂದೊಂದೇ ಗೇರು ಏರಿಸಿದಳು. ಬೈಲಪ್ಪ ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ, ಪಕ್ಕದ ಕನ್ನಡಿಯಲ್ಲಿ ಕಮಾನು ಗಾಡಿಯನ್ನೇ ನೋಡುತ್ತ ಕೂತ. ಒಂದು ಲಾರಿ ಹಾದುಹೋಯಿತು. ಟ್ರೇಲರ್ ಒಂದಿಷ್ಟು ಅದುರಿ ನೆಟ್ಟಗಾಯಿತು. ಇನ್ನೊಂದು ಬಸ್ಸು ಭರ್ರನೆ ಹೋಯಿತು. ಅದಕ್ಕೂ ಅಷ್ಟೇ. ರಮ್ಯಶ್ರೀಯ ಭುಜ ಸಡಿಲಾದದ್ದನ್ನು ಆತ ಕಂಡ. ಆದರೂ ಕನ್ನಡಿಯಲ್ಲಿ ಟ್ರೇಲರಿನ ಹಿಂದೆ ಅಪ್ಪನ ಬಿಳಿ ಕಾರು ಕಂಡಾಗಲೆಲ್ಲ ಅವಳು ಕಾಲು ಹಿಂದೆ ತೆಗೆಯುತ್ತಿದ್ದಳು.

ನರಸಾಪುರದ ಹತ್ತಿರ ಕೆಂಪರಾಜ್ ಕಾರನ್ನು ಮುಂದಕ್ಕೆ ತಂದು ಕಿಟಕಿಯಿಂದ ಕೈ ಅಡ್ಡ ಹಿಡಿದ. ರಮ್ಯಶ್ರೀ ಜೀಪು ಬದಿಗೆ ನಿಲ್ಲಿಸಿ, "ಏನಾಯ್ತೋ ತಾತ," ಎಂದಳು. ನಾನು ಮತ್ತೆ ಎಲ್ಲಿ ತಪ್ಪಿದೆ ಎಂದು ಬೈಲಪ್ಪ ಕನ್ನಡಿಯಲ್ಲಿ ಕಮಾನು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದ.

ಕೆಂಪರಾಜ್ ತನ್ನ ಕಾರಿನ ಹಿಂದಿನ ಬಾಗಿಲು ತೆಗೆದು ದೊಡ್ಡಮುನಿಯಮ್ಮನ ಕೈ ಹಿಡಿದು ಇಳಿಸಿದ. ಅವಳ ಎಲೆಅಡಿಕೆ ಚೀಲ, ಸ್ವೆಟರು ಎಲ್ಲ ತಂದು ಜೀಪಿನ ಹಿಂದಿನ ಸೀಟಿನಲ್ಲಿ ಇಟ್ಟು, ಅಮ್ಮನನ್ನು ಹತ್ತಿಸಿ, ಬೆಲ್ಟು ಹಾಕಿದ.

"ನಾನು ವಾಪಸ್ ಹೋಗ್ತೀನಿ," ಎಂದ.

"ಯಾಕಪ್ಪ?" ಎಂದಳು ರಮ್ಯಶ್ರೀ.

"ನಾನು ಹಿಂದೆ ಹಿಂದೆ ಬಂದ್ರೆ ನೀನು ಕನ್ನಡೀಲಿ ನನ್ನನ್ನೇ ನೋಡ್ತೀಯ, ರಸ್ತೆ ನೋಡಲ್ಲ." ಕಿಟಕಿಯೊಳಗೆ ಕೈ ಹಾಕಿ ಮಗಳ ತಲೆ ಒಂದು ಸಲ ಸವರಿದ. "ನಮ್ಮಪ್ಪ ಅಮ್ಮನ್ನ ನಿನ್ನ ಕೈಗೆ ಕೊಟ್ಟಿದೀನಿ. ನಾಳೆ ಸಾಯಂಕಾಲ ಕರ್ಕೊಂಬಾ." ಆಮೇಲೆ ಬೈಲಪ್ಪನ ಕಡೆ ಬಾಗಿ, "ಅಪ್ಪ, ಇನ್ಮೇಲೆ ಅವಳನ್ನ ಕೇಳದೆ ಅದಕ್ಕೆ ಕೈ ಹಾಕ್ಬೇಡ," ಎಂದು ಗದರಿದ.

"ಕೇಳೇ ಹಾಕ್ತೀನಿ ಕಣಪ್ಪ," ಎಂದ ಬೈಲಪ್ಪ. ತುಂಬ ಇಷ್ಟಪಟ್ಟು ಹೇಳಿದ ಮಾತು ಅದು.

ಬಿಳಿ ಕಾರು ಮುಂದೆ ಹೋಗಿ, ತಿರುವಿನಲ್ಲಿ ತಿರುಗಿ, ಬೆಂಗಳೂರಿನ ಕಡೆ ಹೋಯಿತು. ರಮ್ಯಶ್ರೀ ಜೀಪು ಚಾಲೂ ಮಾಡದೆ ಕೂತಿದ್ದಳು. ಕಣ್ಣಲ್ಲಿ ನೀರು ತುಂಬಿ ರಸ್ತೆ ಕಾಣುತ್ತಿರಲಿಲ್ಲ. ಮನೆ ಬಿಟ್ಟರೆ ಬೀಗ ಮೂರು ಸಲ ಎಳೆದು ನೋಡುವ ಮಗ, ತನ್ನ ಹೆತ್ತವರನ್ನು ಹೆದ್ದಾರಿಯ ಮಧ್ಯೆ ಈ ಹುಡುಗಿಯ ಕೈಯಲ್ಲಿ ಬಿಟ್ಟು ತಿರುಗಿಯೂ ನೋಡದೆ ಹೋಗಿದ್ದ.

"ಅಪ್ಪ ಹೋಗೇಬಿಟ್ರು ತಾತ," ಎಂದಳು ಅವಳು.

"ಹೋಗ್ಲಿ ಬಿಡವ್ವ," ಎಂದ ಬೈಲಪ್ಪ. "ಗಾಡಿ ನಿಂದಾಯ್ತು. ನಡಿ."